ಹತ್ತು ಗಂಟೆಯ ಸಿಟ್ಟು

ಶಹಾಬಾದ
೨-೪-೧೯೫೩

ನೀಲಾಬಾಯಿ ಅಕ್ಕಾರಿಗೆ ತಮ್ಮನ ಹೆಂಡತಿ ರತ್ನಾ ಮಾಡುವ ಶರಣು.

ನೀವು ಕಲಿಸಿದ ಅಕ್ಷರದಲ್ಲೇ ನಿಮಗೆ ದೂರು ಬರೆಯುವ ಹೊತ್ತು ಬಂತು. ನೀವು ಚಿಂಚೋಳಿಯ ಸಾಲಿಗೆ ವರ್ಗವಾಗಿ ಹೋಗುವ ಮೊದಲು ನನ್ನನ್ನು ಒಲೆಯ ಮುಂದೆ ಕೂರಿಸಿ ಬೂದಿಯಲ್ಲಿ ಅ ಆ ತಿದ್ದಿಸಿದ್ದು ಇದಕ್ಕೇ ಇರಬೇಕು.

ನಿಮ್ಮ ತಾಯಿಯವರು ಆರಾಮ ಇದ್ದಾರೆ. ಕೂಸಿಗೆ ನಾಲ್ಕು ತಿಂಗಳು ತುಂಬಿತು. ದೂರು ಇರುವುದು ನಮ್ಮ ಹಿರಿಮಗಳು ಸೂಗಿಯದು. ಏಳು ವರ್ಷದ ಹುಡುಗಿಯ ಸಿಟ್ಟು ನನ್ನ ಕೈ ಮೀರಿದೆ. ಮೊನ್ನೆ ಸಾಲಿಯಲ್ಲಿ ಪಕ್ಕದ ಹುಡುಗಿಯ ಕೈ ಕಚ್ಚಿ ರಕ್ತ ಬರಿಸಿದಳು. ಗುರುಗಳು ಮನೆಗೇ ಬಂದರು. "ನೋಡವಾ ತಂಗಿ, ಇಕಿ ಶಾಣೇಕಿ ಅದಾಳ ಖರೇ. ಆದ್ರ ಹತ್ತು ಗಂಟೆ ಆತಂದ್ರ ಹುಲಿ ಆಗ್ತಾಳ. ಸ್ವಲ್ಪ ದಿನ ಮನ್ಯಾಗ ಇಟ್ಕೋ" ಅಂದು ಹೋದರು. ಮನೆಯಲ್ಲಿ ಇಟ್ಟುಕೊಂಡರೂ ಅದೇ ಕಥೆ. ರೊಟ್ಟಿ ಬಡಿಯುತ್ತಿದ್ದರೆ ಬಂದು ಹಿಟ್ಟಿನ ಪರಾತ ಒದೆಯುತ್ತಾಳೆ. ತೊಟ್ಟಿಲು ತೂಗು ಅಂದರೆ ಗೋಡೆಗೆ ಬಡಿಯುವಂತೆ ತೂಗುತ್ತಾಳೆ. ನಿನ್ನೆ ನನ್ನ ಮುಖಕ್ಕೇ "ನೀ ನಮ್ಮವ್ವ ಅಲ್ಲ" ಅಂದಳು. ಅಕ್ಕಾರ, ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಕೂಸು ಹುಟ್ಟಿದ ಮೇಲೆ ನಾನು ಆಕೆಗೆ ಬೇಡವಾಗಿದ್ದೇನೆ. ಬೇರೆ ಕಾರಣ ನನಗೆ ತೋಚುವುದಿಲ್ಲ.

ಹಾಗಂತ ಕೆಟ್ಟ ಹುಡುಗಿಯಲ್ಲ. ಕಳೆದ ಶ್ರಾವಣದಲ್ಲಿ ಅಯ್ಯನವರು ಬಂದು ಲಿಂಗದೀಕ್ಷೆ ಕೊಟ್ಟ ಮೇಲೆ ಒಂದು ದಿನವೂ ನಿಯಮ ಬಿಟ್ಟಿಲ್ಲ. ಬೆಳಿಗ್ಗೆ ಅರ್ಧ ಕಪ್ಪು ಚಹಾ, ಅಷ್ಟೇ. ಚಹಾಕ್ಕೆ ನಿಯಮವಿಲ್ಲ ಅಂತ ಅತ್ತೆಯವರೇ ಹೇಳಿದ್ದಾರೆ. ಬೆಳಗಿನ ಸಾಲಿ ಮುಗಿಸಿ ಬಂದ ಮೇಲೆ ಅವರ ಪಕ್ಕದಲ್ಲಿ ಕುಳಿತು, ಅಂಗೈಯಲ್ಲಿ ಲಿಂಗ ಹಿಡಿದು, ಅವರು ಏಳುವವರೆಗೂ ಏಳುವುದಿಲ್ಲ. ಹನ್ನೊಂದಾಗಲಿ ಹನ್ನೆರಡಾಗಲಿ, ಆಮೇಲೆಯೇ ತುತ್ತು. ಇಷ್ಟು ಭಕ್ತಿಯ ಮಗುವಿಗೆ ಇಂಥ ಸಿಟ್ಟು ಎಲ್ಲಿಂದ ಬಂತು ಅಂತ ಓಣಿಯವರೆಲ್ಲ ಕೇಳುತ್ತಾರೆ.

ಬೇಸಿಗೆ ರಜೆಗೆ ನಿಮ್ಮಲ್ಲಿ ಕಳಿಸಲೇ? ನಿಮ್ಮ ತಮ್ಮ ಫರಸಿ ಕಲ್ಲಿನ ಖಣಿಯಲ್ಲಿ ಎರಡು ದಿನದ ರಜೆ ಕೇಳಿದ್ದಾರೆ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದರೆ ಮುಂದೆ ಮೋಟಾರು ಸಿಗುತ್ತದಂತೆ. ಸಾಲಿಯ ಮಕ್ಕಳನ್ನು ತಿದ್ದಿದ ಕೈ ನಿಮ್ಮದು. ಇದೊಂದನ್ನು ತಿದ್ದಿಕೊಡಿ.

ನಿಮ್ಮ ರತ್ನಾ


ಚಿಂಚೋಳಿ
೨೧-೪-೧೯೫೩

ರತ್ನಾ,

ನಿನ್ನ ಹುಲಿ ಬಂದು ತಲುಪಿತು. ರೇವಣಪ್ಪ ಮೋಟಾರಿನಿಂದ ಇಳಿದವನೇ ನಮಸ್ಕಾರ ಕೂಡ ಮಾಡದೆ, "ತಗೋ ಅಕ್ಕ, ಹುಷಾರಿ" ಅಂದು ಹುಡುಗಿಯ ಕೈಯನ್ನು ನನ್ನ ಕೈಗೆ ಕೊಟ್ಟ. ಅವನ ಮೊಣಕೈ ಮೇಲೆ ಹಲ್ಲಿನ ಗುರುತಿತ್ತು. ವಾಡಿ ಸ್ಟೇಶನ್ನಿನಲ್ಲಿ ಗಾಡಿ ಎರಡು ತಾಸು ತಡವಾಯಿತಂತೆ.

ಮೊದಲ ದಿನ ದೇವರಂತೆ ಇದ್ದಳು. ಎರಡನೆಯ ದಿನ ನನ್ನ ನೀರಿನ ಹೂಜಿ ಒಡೆದಳು. ಮೂರನೆಯ ದಿನ ಪಕ್ಕದ ಮನೆಯ ಆಶಾಬಿ ಬಳೆಯ ಮಲಾರ ಬಿಚ್ಚಿ ಕುಳಿತಿದ್ದಳು, ಅದನ್ನು ಒದ್ದು ಎರಡು ಡಜನ್ ಬಳೆ ಪುಡಿ ಮಾಡಿದಳು. ಬಳೆ ತೊಡಿಸುವ ಹೆಂಗಸು, ಬಾಯಿ ಜೋರು. ಆದರೂ ಬೈಯದೆ, ಹುಡುಗಿಯ ಮುಖವನ್ನೇ ನೋಡುತ್ತ ಚೂರು ಆರಿಸಿದಳು.

ನೀನು ಗಾಬರಿಯಾಗಬೇಡ. ಇಪ್ಪತ್ತು ವರ್ಷದಲ್ಲಿ ಇಂಥ ಮಕ್ಕಳನ್ನು ಎಷ್ಟು ನೋಡಿಲ್ಲ? ಬೆಳಿಗ್ಗೆ ಎರಡರ ಮಗ್ಗಿಯಿಂದ ಹತ್ತರ ಮಗ್ಗಿಯವರೆಗೆ, ಆಮೇಲೆ ಶುದ್ಧಬರಹ. ಸಿಟ್ಟು ಬಂದರೆ ಮೂಲೆಯಲ್ಲಿ ನಿಲ್ಲುವುದು. ತಿಂಗಳೊಳಗೆ ಸರಿಹೋಗುತ್ತಾಳೆ.

ನಿಯಮದ ಮಾತು ಖರೆ. ರಜೆಯ ದಿನ ನಾನು ನೀರು ತಂದು, ಬಟ್ಟೆ ಒಗೆದು, ಅಡುಗೆ ಮುಗಿಸಿ ಪೂಜೆಗೆ ಕೂರುವಾಗ ಹತ್ತೂವರೆ ದಾಟುತ್ತದೆ. ಅಲ್ಲಿಯವರೆಗೆ ಹುಡುಗಿ ಏನೂ ಮುಟ್ಟುವುದಿಲ್ಲ. ನಾನಾಗಿಯೇ ಕರೆದರೂ ಅಜ್ಜಿಗೆ ಹೆದರಿ "ಆಯಿ ಬೈತಾಳ" ಅನ್ನುತ್ತಾಳೆ. ಅವ್ವ ನನ್ನನ್ನೂ ಹೀಗೇ ಬೆಳೆಸಿದ್ದಳು. ನೋಡಿ ಹೆಮ್ಮೆಯೇ ಆಯಿತು.

ನೀಲಾಬಾಯಿ


ಶಹಾಬಾದ
೧೦-೫-೧೯೫೩

ಅಕ್ಕಾರಿಗೆ ಶರಣು.

ಎರಡು ಕಾರ್ಡು ಬರೆದೆ, ಉತ್ತರವಿಲ್ಲ. ಸೂಗಿ ನಿಮಗೂ ಕೈಕೊಟ್ಟಳೇ? ಮನೆ ಭಾಳ ಶಾಂತವಾಗಿದೆ. ಇಷ್ಟು ಶಾಂತ ನನಗೆ ಬೇಕಾಗಿರಲಿಲ್ಲ.

ಆಕೆ ನನ್ನನ್ನು ಒಮ್ಮೆಯಾದರೂ ಕೇಳಿದ್ದರೆ ಬರೆಯಿರಿ. ಕೇಳಿರದಿದ್ದರೆ ಕೇಳಿದಳೆಂದು ಸುಳ್ಳು ಬರೆಯಬೇಡಿ.

ರತ್ನಾ


ಚಿಂಚೋಳಿ
೩-೬-೧೯೫೩

ರತ್ನಾ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಸುದ್ದಿ ಒಳ್ಳೆಯದೇ. ನಿನ್ನ ಮಗಳು ಬದಲಾಗಿದ್ದಾಳೆ.

ಬೆಳಗಿನಿಂದ ಹಾಡುತ್ತಲೇ ಇರುತ್ತಾಳೆ. ಮುಲ್ಲಾಮಾರಿ ಹೊಳೆಗೆ ನನ್ನೊಂದಿಗೆ ಬಟ್ಟೆ ಒಗೆಯಲು ಬರುತ್ತಾಳೆ. ಹಿಂದೆ ಹತ್ತು ಗಂಟೆಗೆ ಮೂಲೆಯಲ್ಲಿ ನಿಂತು ಗೋಡೆ ಒದೆಯುತ್ತಿದ್ದವಳು ಈಗ ಅದೇ ಹೊತ್ತಿಗೆ ಆಶಾಬಿಯ ಪಕ್ಕದಲ್ಲಿ ಕುಳಿತು ಹಸಿರು ಬಳೆ ಬೇರೆ, ಕೆಂಪು ಬಳೆ ಬೇರೆ ಮಾಡಿಕೊಡುತ್ತಾಳೆ. ಮೊನ್ನೆ ಒಂದು ಒಡೆಯಿತು. ತಾನೇ ಹೋಗಿ "ತಪ್ಪಾತು" ಅಂದಳು. ಏಳರ ಮಗ್ಗಿ ಒಂದೇ ದಿನಕ್ಕೆ ಬಾಯಿಗೆ ಬಂತು. ಹಿಂದೆ ಎಂಟು ದಿನ ಬಡಿದಾಡಿದರೂ ಬಂದಿರಲಿಲ್ಲ.

ಹೇಗಾಯಿತು ಅಂತ ಕೇಳುತ್ತೀ. ನನ್ನ ಕೈಗುಣ ಅಂದುಕೋ.

ನಿನ್ನನ್ನು ಕೇಳುತ್ತಿರುತ್ತಾಳೆ. ಸುಳ್ಳಲ್ಲ.

ನೀಲಾಬಾಯಿ


ಶಹಾಬಾದ
೧೧-೬-೧೯೫೩

ಅಕ್ಕಾರಿಗೆ ಶರಣು.

ನಿಮ್ಮ ಪತ್ರ ಕೇಳಿ ಅತ್ತೆಯವರು ದೀಪ ಹಚ್ಚಿದರು. ನಿಮ್ಮ ತಮ್ಮ ಪೇಡೆ ತಂದರು. ನಾನೂ ನಕ್ಕೆ. ಆಮೇಲೆ ಮತ್ತೆ ಓದಿದೆ, ಮತ್ತೂ ಒಮ್ಮೆ ಓದಿದೆ.

ನಿಮ್ಮ ಹತ್ತಿರ ಹಾಡುತ್ತಾಳೆ, ನಿಮ್ಮ ಹತ್ತಿರ ತಪ್ಪಾತು ಅನ್ನುತ್ತಾಳೆ. ಬಳೆಗಾರ್ತಿಯ ಮುಂದೂ ಶಾಂತವಾಗಿ ಕೂರುತ್ತಾಳೆ. ನನ್ನ ಮುಂದೆ ಮಾತ್ರ ಕೂರಲಿಲ್ಲ. ಇದರ ಅರ್ಥ ಹೇಳಲು ಮಾಸ್ತರರು ಬೇಕಿಲ್ಲ. ಆಕೆಗೆ ನನ್ನನ್ನು ಕಂಡರೇ ಆಗುವುದಿಲ್ಲ, ನಾನು ಕಣ್ಣ ಮುಂದೆ ಇಲ್ಲದಿದ್ದರೆ ಚಲೋ ಇರುತ್ತಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೀಗಾದಳಲ್ಲ ಎಂಬ ಸಂಕಟ ಯಾರ ಮುಂದೆ ಹೇಳಲಿ?

ಅದಕ್ಕೇ ಬರೆಯುತ್ತೇನೆ, ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಸಾಲಿ ಶುರುವಾಗುವಾಗ ಸೂಗಿಯ ಹೆಸರನ್ನು ನಿಮ್ಮ ಸಾಲಿಯಲ್ಲೇ ಹಚ್ಚಿರಿ. ಇಲ್ಲಿ ಕರೆಸಿಕೊಂಡು ಮತ್ತೆ ಹುಲಿ ಮಾಡುವುದು ಬೇಡ. ಅತ್ತೆಯವರಿಗೆ ಸಮಾಧಾನವಿಲ್ಲ, ಆದರೆ ಮಗು ಸುಖವಾಗಿದ್ದರೆ ಸಾಕು ಅನ್ನುತ್ತಾರೆ. ನನಗೂ ಸಾಕು.

ಆಕೆಯ ಎರಡು ಲಂಗ ಕಳಿಸಿದ್ದೇನೆ. ಅಂಚು ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತವೆ.

ರತ್ನಾ


ಚಿಂಚೋಳಿ
೨೦-೬-೧೯೫೩

ರತ್ನಾ,

ಲಂಗ ತಲುಪಿದವು. ಹೆಸರು ಹಚ್ಚಿದೆ, ಎರಡನೆಯ ಇಯತ್ತೆ. ನೀನು ಬೇರೆ ಏನೇನೋ ಬರೆದಿದ್ದೀ, ಅದಕ್ಕೆ ನಿಧಾನವಾಗಿ ಉತ್ತರ ಬರೆಯುತ್ತೇನೆ. ಸಾಲಿ ಶುರುವಾಗಿದೆ, ತಪಾಸಣೆಯ ಸಾಹೇಬರು ಬರುವವರಿದ್ದಾರೆ, ಕೈಬಿಡುವಿಲ್ಲ.

ಹುಡುಗಿ ಚಲೋ ಇದ್ದಾಳೆ.

ನೀಲಾಬಾಯಿ


ಶಹಾಬಾದ
೨೫-೭-೧೯೫೩

ಅಕ್ಕಾರಿಗೆ ಶರಣು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಚಲೋ ಆಗಿದೆ. ಕೂಸು ಕೂರುತ್ತದೆ. ಮಗುವಿಗೆ ಆಶೀರ್ವಾದ.

ರತ್ನಾ


ಚಿಂಚೋಳಿ
೯-೮-೧೯೫೩

ರತ್ನಾ,

ಇದು ಉದ್ದ ಪತ್ರ, ಕೆಲಸ ಮುಗಿಸಿ ಕುಳಿತು ಓದು. ಅವ್ವನಿಗೆ ಮಾತ್ರ ಓದಿ ಹೇಳಬೇಡ.

ಕೈಗುಣ ಅಂತ ಬರೆದಿದ್ದೆನಲ್ಲ, ಅದು ಹಸಿ ಸುಳ್ಳು. ನನ್ನ ಮಗ್ಗಿಯಿಂದ, ನನ್ನ ಮೂಲೆಯಿಂದ ಕವಡೆ ಕಾಸಿನ ಉಪಯೋಗವಾಗಲಿಲ್ಲ. ರಮಜಾನಿನ ಉಪವಾಸ ಶುರುವಾಗಿ ಒಂದು ವಾರ ಆಗಿತ್ತು. ಸೂಗಿ ಬೆಳಿಗ್ಗೆ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು, ನಾನು ಬೈಯುತ್ತಿದ್ದೆ. ಆಶಾಬಿ ಬಾಗಿಲಲ್ಲಿ ನಿಂತು ಅಂದಳು, "ಬಾಯೋರ, ಒಂದ ಮಾತ ಹೇಳ್ಲೇನ್ರಿ? ರೋಜಾ ಇದ್ದಾಗ ಸಂಜಿ ನಾಕು ಗಂಟೆ ಆತಂದ್ರ ನಾ ನನ್ನ ಗಂಡನ ಸಂಗಟ ಸುಮ್ಮಸುಮ್ಮನ ಜಗಳಾ ತೆಗೀತೀನಿ. ಒಂದು ಖಜೂರ ಬಾಯಿಗಿ ಬಿತ್ತಂದ್ರ ಅವನೇ ಭಾಳ ಚಲೋ ಮನಷ್ಯಾ ಕಾಣ್ತಾನ. ಈ ಹುಡಗಿಗಿ ದಿನಾ ಹತ್ತು ಗಂಟೆಕ್ಕ ಅದೇ ಆಗಾಕತ್ತದ. ಇಷ್ಟ ಸಣ್ಣ ಕೂಸಿಗಿ ನಾವು ರೋಜಾ ಇಡಸಂಗಿಲ್ರಿ. ನೀವು ವರ್ಸಪೂರ್ತಿ ಇಡಸಾಕತ್ತೀರಿ!"

ನನಗೆ ಎಂಥ ಸಿಟ್ಟು ಬಂತು ಗೊತ್ತೇನು! ನಮ್ಮ ನಿಯಮದ ಮಾತು ಇವಳಿಗೇಕೆ ಅಂದುಕೊಂಡು ದಡಾರನೆ ಬಾಗಿಲು ಹಾಕಿದೆ. ಅರ್ಧ ತಾಸಿನ ನಂತರ ಪೂಜೆ ಮುಗಿಸಿ ಎರಡು ರೊಟ್ಟಿ ಉಂಡೆ. ಆಗ ಆಶಾಬಿಯ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆಗಲೇ ಹೊಳೆದದ್ದು, ಬಾಗಿಲು ಹಾಕುವಾಗ ನಾನೂ ಉಂಡಿರಲಿಲ್ಲ ಅಂತ.

ಮರುದಿನದಿಂದ ಏಳಕ್ಕೇ ಇಬ್ಬರೂ ಮಿಂದು ಹತ್ತು ನಿಮಿಷ ಲಿಂಗ ಹಿಡಿದು ಕೂತೆವು. ಚಹಾ ಬಿಡಿಸಿ ಹಾಲು ಕೊಟ್ಟೆ. ಬಿಸಿ ರೊಟ್ಟಿ, ತೊಗರಿ ಬ್ಯಾಳಿ, ಒಮ್ಮೊಮ್ಮೆ ಶೇಂಗಾ ಹಿಂಡಿ, ಮೊಸರು. ಮೊದಲ ದಿನವೇ ಬದಲಾವಣೆ ಕಾಣಲಿಲ್ಲ, ಆಯಿಗೆ ಹೆದರಿ ಅರ್ಧ ರೊಟ್ಟಿಯೂ ತಿನ್ನಲಿಲ್ಲ. "ಮೊದಲು ಲಿಂಗಕ್ಕೆ ತೋರಿಸೇವಲ್ಲ, ಇನ್ಯಾರ ಅಂಜಿಕಿ?" ಅಂತ ಹೇಳಿ ಹೇಳಿ ಉಣಿಸಿದೆ. ವಾರ ಕಳೆಯುವಷ್ಟರಲ್ಲಿ ಹತ್ತು ಗಂಟೆ ಬರುತ್ತಿತ್ತು, ಹೋಗುತ್ತಿತ್ತು, ಹುಲಿ ಬರುತ್ತಿರಲಿಲ್ಲ.

ಇದನ್ನು ಆಗಲೇ ಬರೆಯಬೇಕಿತ್ತು. ಬರೆಯಲಿಲ್ಲ. ಅವ್ವನ ಮೇಲೆ ತಪ್ಪು ಹೊರಿಸಿದಂತೆ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತು. ಗಂಡ ಹೋದಾಗಿನಿಂದ ಖಾಲಿ ಮನೆಯ ಬೀಗ ತೆಗೆದವಳು ನಾನು. ಈಗ ಸಾಲಿಯಿಂದ ಬರುವಾಗ ಒಂದು ಸಣ್ಣ ಕೈ ನನ್ನ ಕೈಯಲ್ಲಿರುತ್ತದೆ. ಕಾರಣ ತಿಳಿದರೆ ನೀನು ಮರುದಿನವೇ ಕರೆಸಿಕೊಳ್ಳುತ್ತೀ ಎಂದು ಹೆದರಿದೆ. ನೀನು ಹೆಸರು ಹಚ್ಚಿರಿ ಅಂತ ಬರೆದಾಗ, ರತ್ನಾ, ನಾನು ಖುಷಿಪಟ್ಟೆ. ನಿನ್ನ ಸಂಕಟ ಓದಿಯೂ ಖುಷಿಪಟ್ಟೆ. ನಾಚಿಕೆಯಾಗುತ್ತದೆ.

ಇನ್ನೊಂದು ಮಾತಿದೆ. ರೇವಣಪ್ಪನ ಹುಬ್ಬಿನ ಮೇಲೆ ಗಾಯದ ಗುರುತಿದೆಯಲ್ಲ, ಅದು ನಾನು ಎಂಟು ವರ್ಷದವಳಿದ್ದಾಗ ಎಸೆದ ಫರಸಿ ಚೂರಿನದು. ಕೆಂಡದ ನೀಲಿ ಅಂತ ಕರೆಯುತ್ತಿದ್ದರು. ಇಕಿ ಯಾವ ಮನಿಗಿ ಹೋದರೂ ಬೆಂಕಿ ಹಚ್ಚುತ್ತಾಳೆ ಅಂತ ಅವ್ವ ಅಳುತ್ತಿದ್ದಳು. ನಾನೂ ನನ್ನನ್ನು ಹಾಗೇ ನಂಬಿದೆ. ನಾನು ಹುಟ್ಟಾ ಸಿಟ್ಟಿನವಳು ಎಂದುಕೊಂಡು ನಲವತ್ತು ವರ್ಷ ಕಳೆದೆ. ಸೂಗಿ ರೊಟ್ಟಿ ತಿನ್ನುವುದನ್ನು ನೋಡುತ್ತ ಕುಳಿತಿದ್ದೆ ಒಂದು ಬೆಳಿಗ್ಗೆ. ಕಲ್ಲು ಎಸೆದದ್ದು ಯಾವ ಹೊತ್ತಿನಲ್ಲಿ ಎಂದು ನೆನಪಾಯಿತು. ಅವ್ವ ಒಳಗೆ ಪೂಜೆಯಲ್ಲಿದ್ದಳು.

ನಿನ್ನ ಆ ಮೂರು ಸಾಲಿನ ಕಾರ್ಡನ್ನು ಸೂಗಿಗೆ ಓದಿ ಹೇಳಿದೆ. "ಅವ್ವ ಯಾಕ ಇಷ್ಟ ಸಣ್ಣ ಬರದಾಳ? ನನ್ನ ಮ್ಯಾಲ ಸಿಟ್ಟ ಅದಾಳೇನು?" ಅಂತ ಕೇಳಿದಳು. ಕಾರ್ಡನ್ನು ತಿರುಗಿಸಿ ನೋಡಿ ಮತ್ತೆ ಕೇಳಿದಳು, "ಆಕಿ ಉಂಡಿಲ್ಲೇನು ಅತ್ತಿ?"

ಆಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನಿನ್ನ ಮಗಳಿಗೆ ನಿನ್ನ ಮೇಲೆ ಎಂದೂ ಸಿಟ್ಟಿರಲಿಲ್ಲ. ಹಸಿದಾಗ ಎದುರಿಗೆ ನೀನಿದ್ದೆ, ಅಷ್ಟೇ. ಯಾವಾಗ ಕಳಿಸಲಿ, ಬರೆ.

ನೀಲಾಬಾಯಿ


ಶಹಾಬಾದ
೧೭-೮-೧೯೫೩

ಅಕ್ಕಾರಿಗೆ,

ಶರಣು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮೊದಲ ದಿನ ನಿಮ್ಮ ಪತ್ರ ಒಲೆಗೆ ಹಾಕಬೇಕೆನಿಸಿತು. ಎರಡು ತಿಂಗಳು ನಾನು ಹೇಗೆ ಕಳೆದೆ ಅಂತ ನಿಮಗೆ ಗೊತ್ತಿಲ್ಲ. ಕೂಸಿಗೆ ಹಾಲು ಕೊಡುವಾಗಲೂ ಇದೂ ಒಂದು ದಿನ ನನ್ನನ್ನು ಬೇಡ ಅನ್ನುತ್ತದೆ ಅಂತ ಹೆದರುತ್ತಿದ್ದೆ. ಅಕ್ಕಾರ, ನೀವು ಮಾಡಿದ್ದು ಸರಿಯಲ್ಲ. ಬರೆದುಬಿಟ್ಟೆ, ಈಗ ಹಗುರಾಯಿತು. ಶರಣು.

ಬಚ್ಚಿಟ್ಟವರು ನೀವೊಬ್ಬರೇ ಅಲ್ಲ. ಯುಗಾದಿಗೆ ಮೊದಲು ಅತ್ತೆಯವರು ತೆಂಗಳಿ ಊರಿಗೆ, ಅವರ ತಂಗಿಯ ಮನೆಗೆ, ಎಂಟು ದಿನ ಹೋಗಿದ್ದರು. ಆ ಎಂಟೂ ದಿನ ಸೂಗಿ ಬಂಗಾರದಂತೆ ಇದ್ದಳು. ಪೂಜೆಗೆ ಜೊತೆ ಇಲ್ಲವೆಂದು ನಾನೇ ಬೆಳಿಗ್ಗೆ ಬೇಗ ಕೂರಿಸಿ ಉಣಿಸಿ ಸಾಲಿಗೆ ಕಳಿಸುತ್ತಿದ್ದೆ. ಅತ್ತೆ ಇಲ್ಲದಿದ್ದರೆ ಹುಡುಗಿ ಚಲೋ ಇರುತ್ತಾಳೆ ಅಂತ ನನ್ನ ಮನಸ್ಸಿಗೆ ಬಂತು. ಇಂಥ ಮಾತನ್ನು ಅವರ ಮಗಳಿಗೇ ಹೇಗೆ ಬರೆಯಲಿ? ಪಾಪದ ವಿಚಾರ ಅಂತ ನುಂಗಿಕೊಂಡೆ. ಬರೆದಿದ್ದರೆ ನಿಮಗೆ ಆಗಲೇ ಹೊಳೆಯುತ್ತಿತ್ತೇನೋ.

ಓದಬೇಡ ಅಂದಿದ್ದಿರಿ, ಆದರೂ ಅತ್ತೆಯವರಿಗೆ ಓದಿದೆ. ನಾನು ಓದುವಾಗ ಅಳುತ್ತಿದ್ದೆ, ಅವರು ಬಿಡಲಿಲ್ಲ. ಪೂರ್ತಿ ಕೇಳಿದರು. "ಲಿಂಗಕ್ಕ ಹೊತ್ತಾಗಬಾರದು ಅಂತ ಪತ್ರಿ ತರಾಕ ಓಡ್ಯಾಡಿದೆ. ಕೂಸಿಗಿ ಹೊತ್ತಾಗ್ತದ ಅಂತ ನನಗ ತಿಳೀಲಿಲ್ಲಲ್ಲವಾ" ಅಂದರು. ಸಂಜೆ ದೀಪ ಹಚ್ಚುವಾಗ ನನ್ನ ಹತ್ತಿರ ಬಂದು ಕೇಳಿದರು, "ನೀಲಿ ಈಗರೆ ಮುಂಜಾನಿ ಉಣ್ತಾಳೋ ಇಲ್ಲೋ, ಬರದ ಕೇಳು."

ಅದಕ್ಕೇ ಕೇಳುತ್ತಿದ್ದೇನೆ.

ರತ್ನಾ


ಚಿಂಚೋಳಿ
೨೮-೮-೧೯೫೩

ರತ್ನಾ,

ಉಣ್ಣುತ್ತೇನೆ ಅಂತ ಅವ್ವನಿಗೆ ಹೇಳು. ಸೂಗಿಯ ಜೊತೆ ಒಂದೇ ತಾಟಿನಲ್ಲಿ. ಈ ವರ್ಷ ಬಾಯೋರು ಛಡಿ ಮರೆತುಬಿಟ್ಟಾರ ಅಂತ ಸಾಲಿಯ ಹುಡುಗಿಯರು ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬಿದ್ದಿದೆ.

ಅವ್ವನ ಪ್ರಶ್ನೆ ಓದಿ ಏನಾಯಿತು ಅಂತ ಬರೆಯಲಾರೆ. ಇಷ್ಟು ವರ್ಷದ ಮೇಲೆ ಅವ್ವ ನನ್ನ ಊಟ ಕೇಳಿದಳು.

ನಾನೇ ಕರೆದುಕೊಂಡು ಬರುತ್ತೇನೆ, ಮುಂದಿನ ವಾರದ ಶನಿವಾರ ಸಂಜೆಯ ಗಾಡಿಗೆ. ಬುತ್ತಿ ಕಟ್ಟಿಕೊಂಡೇ ಹೊರಡುತ್ತೇನೆ, ವಾಡಿಯಲ್ಲಿ ಗಾಡಿ ಎಷ್ಟು ತಾಸು ನಿಲ್ಲುತ್ತದೋ ಯಾರಿಗೆ ಗೊತ್ತು. ಆಶಾಬಿ ಹುಡುಗಿಯ ಎರಡೂ ಕೈ ತುಂಬ ಬಳೆ ತೊಡಿಸಿದ್ದಾಳೆ. ನನಗೆ ಮನೆ ಖಾಲಿಯಾಗುತ್ತದೆ, ನಿಜ. ದಸರೆಗೆ ಕಳಿಸು. ಕಳಿಸದಿದ್ದರೆ ನಾನೇ ಬಂದು ತಿಂಗಳುಗಟ್ಟಲೆ ಕೂರುತ್ತೇನೆ, ಆಮೇಲೆ ದೂರು ಬರೆಯಬೇಡ.

ನೀಲಾಬಾಯಿ


ಶಹಾಬಾದ
೨೦-೯-೧೯೫೩

ಅಕ್ಕಾರಿಗೆ ರತ್ನಾಳ ಶರಣು.

ನೀವು ಹೋಗಿ ಎರಡು ವಾರವಾಯಿತು. ಮನೆಯ ಬೆಳಗು ಬದಲಾಗಿದೆ. ಅತ್ತೆಯವರು ಈಗ ನಸುಕಿನಲ್ಲೇ ಎದ್ದು ಸೂಗಿಯನ್ನು ಎಬ್ಬಿಸಿ, ಮೀಯಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಹುಡುಗಿಯ ಪೂಜೆ ಮೊದಲು, ಪುಟ್ಟ ಪೂಜೆ. ಆಕೆ ಉಂಡು ಸಾಲಿಗೆ ಹೋದ ಮೇಲೆ ತಮ್ಮ ಉದ್ದ ಪೂಜೆಗೆ ಕೂರುತ್ತಾರೆ. ಓಣಿಯ ಹೆಂಗಸರು ಕೇಳಿದರೆ, "ಸಣ್ಣವರ ಲಿಂಗಕ್ಕ ಲಗೂನ ಹಸಿವಾಗ್ತದವಾ" ಅಂತ ಯಾವುದೋ ಹಳೆಯ ಪದ್ಧತಿ ಎಂಬಂತೆ ಹೇಳುತ್ತಾರೆ. ಇನ್ನೂ ನಾಲ್ಕು ಮನೆಯಲ್ಲಿ ಹಾಗೇ ಶುರುವಾಗಿದೆ. ಗುರುಗಳು ಬಂದು ಸಾಲಿಯಲ್ಲಿ ಹುಲಿ ಎಲ್ಲಿ ಹೋಯಿತು ಅಂತ ಕೇಳಿ, ಎರಡು ರೊಟ್ಟಿ ಉಂಡು ಹೋದರು.

ಆದರೂ ನನಗೆ ಒಳಗೊಳಗೇ ಹೆದರಿಕೆ ಇತ್ತು. ಅಕ್ಕಾರು ಕಾಗದದಲ್ಲಿ ಏನೇ ಬರೆದರೂ, ಮಗುವಿಗೆ ನಿಜವಾಗಿ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಅಂತ. ಶಾಂತವಾಗಿದ್ದರೂ ಹೆದರಿಕೆ, ಒಂದು ಮಾತು ಜೋರಾಡಿದರೂ ಹೆದರಿಕೆ. ಕೈಗೆ ಯಾವಾಗಲೂ ರೊಟ್ಟಿ ಹತ್ತಿರ ಇರಲಿ ಅಂತ ಡಬ್ಬಿಯನ್ನು ಒಲೆಯ ಪಕ್ಕಕ್ಕೇ ತಂದಿಟ್ಟುಕೊಂಡಿದ್ದೆ. ನಿಮ್ಮ ತಮ್ಮ ನಗುತ್ತಿದ್ದರು.

ನಿನ್ನೆ ಸಂಜೆ ಆಯಿತು ನೋಡಿ. ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದಳು, ಸಂಜೆಗೆ ಹಾಲು ಕುಡಿದಿದ್ದಳು. ಆಕೆಯ ಹಳೆಯ ನೀಲಿ ಲಂಗ ಹರಿದು ನಾನು ಕೂಸಿಗೆ ಅಂಗಿ ಹೊಲಿದಿದ್ದೆ. ಕೇಳದೇ ಹರಿದದ್ದು ನನ್ನದೇ ತಪ್ಪು. ಕೂಸಿನ ಮೈಮೇಲೆ ಅದನ್ನು ಕಂಡಳು. ಮುಖ ಕೆಂಪಾಯಿತು, ಕಾಲು ನೆಲಕ್ಕೆ ಅಪ್ಪಳಿಸಿದಳು. "ನನ್ನ ಕೇಳ್ದೇ ಯಾಕ ಹರದಿ? ನೀ ಭಾಳ ಕೆಟ್ಟಾಕಿ!" ಅಂದಳು. ಓಡಿಹೋಗಿ ಡಬ್ಬಿ ಬಿಚ್ಚಿ ರೊಟ್ಟಿ ತಂದು ಮುಂದೆ ಹಿಡಿದೆ. ಸೂಗಿ ರೊಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನನಗ ಹಸಿವಿಲ್ಲ ಯವ್ವಾ, ಸಿಟ್ಟು ಬಂದದ!" ಅಂತ ಕೂಗಿದಳು.

ಅತ್ತೆಯವರು ಒಳಗಿನಿಂದ ನಕ್ಕರು. ನಾನು ನಗಲಿಲ್ಲ, ರೊಟ್ಟಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ. ಸೂಗಿ ಬಂದು ನನ್ನ ತೊಡೆಯ ಮೇಲೆ ಕುಳಿತಳು. ಮುಖ ಆ ಕಡೆ ತಿರುಗಿಸಿಕೊಂಡು, ಕೈ ಕಟ್ಟಿಕೊಂಡು, ಸಿಟ್ಟು ಇಳಿಯುವವರೆಗೂ ಅಲ್ಲೇ ಕುಳಿತಿದ್ದಳು.

ನಿಮ್ಮ ರತ್ನಾ